ಇಪ್ಪತ್ತು ಕಾಲೇಜಿಗೆ ಒಂದೇ ಅರ್ಜಿ

ಊರಿನಲ್ಲಿ ಅಣ್ಣನ ಮಗ ಸಿಇಟಿಯ ಆಪ್ಷನ್ ಎಂಟ್ರಿ ಮಾಡುವಾಗ ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಮನೆಮಂದಿಯೆಲ್ಲ ಎರಡು ರಾತ್ರಿ ಕಿತ್ತಾಡಿದ್ದರು. ನನ್ನದೂ ಅದೇ ಬುದ್ಧಿ. ಇಲ್ಲಿ ಅಮೆರಿಕದ ಫ್ರೀಮಾಂಟಿನಲ್ಲಿ ಮಗಳು ಕೇಂದ್ರ ಸರ್ಕಾರದ ಹಣಕಾಸಿನ ನೆರವಿನ ಅರ್ಜಿಗೆ, ಅಂದರೆ ಫ್ಯಾಫ್ಸಾಗೆ, ಕಾಲೇಜುಗಳ ಹೆಸರು ಸೇರಿಸುತ್ತಿದ್ದಾಗ "ಕ್ರಮ ನೋಡಿಕೊಂಡು ಹಾಕು" ಎಂದೆ. "ಅದು ಕಾಲೇಜಿನವರಿಗೆ ಕಾಣಿಸುವುದೇ ಇಲ್ಲ ಅಪ್ಪ" ಎಂದು ನಕ್ಕಳು.

ಅವಳ ಮಾತು ನಿಜ. ಪಟ್ಟಿಯಲ್ಲಿ ಇನ್ನು ಯಾರಿದ್ದಾರೆಂದು ಯಾವ ಕಾಲೇಜಿಗೂ ಗೊತ್ತಾಗುವುದಿಲ್ಲ. ಕೇಂದ್ರ ಸರ್ಕಾರದ ನೆರವಿಗೆ ಕ್ರಮ ಲೆಕ್ಕಕ್ಕಿಲ್ಲ. ಕೆಲವು ರಾಜ್ಯಗಳು ಮಾತ್ರ ತಮ್ಮ ನೆರವಿಗೆ ಅದನ್ನು ನೋಡುತ್ತವೆ. ಹಿಂದೆ 10 ಕಾಲೇಜುಗಳ ಮಿತಿಯಿತ್ತು, 2024-25ರ ಅರ್ಜಿಯಿಂದ ಅದು 20 ಆಯಿತು. ಪ್ರವೇಶ ಸಿಕ್ಕಿರಬೇಕೆಂದೂ ಇಲ್ಲ, ಕಾಸಿನ ಖರ್ಚೂ ಇಲ್ಲ. ಆದರೂ ನನ್ನ ಪರಿಚಯದ ಕನ್ನಡಿಗರು ನಾಲ್ಕೈದಕ್ಕೇ ನಿಲ್ಲಿಸುತ್ತಾರೆ. ದುಬಾರಿ ಕಾಲೇಜು ನಮಗೆಲ್ಲಿ, ಇನ್ನೊಬ್ಬರ ಮುಂದೆ ಕೈಚಾಚುವುದೇಕೆ ಎಂಬ ಸಂಕೋಚ. ಆ ಸಂಕೋಚ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ನೆಚ್ಚಿ ಬಂದ ಎಚ್-4 ವೀಸಾದ ಮಕ್ಕಳಿಗೆ ಕೇಂದ್ರದ ನೆರವು ಇಲ್ಲ, ಸಾಮಾನ್ಯವಾಗಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು.)

ನಮ್ಮಲ್ಲಿ ಸಾಮಾನ್ಯವಾಗಿ ಸೀಟು ಮೊದಲು, ವಿದ್ಯಾರ್ಥಿವೇತನ ಆಮೇಲೆ. ಕಾಲೇಜು ಸೇರಿದ ಮೇಲೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ ಹಣಕ್ಕೆ ಕಾಯಬೇಕು. ಇಲ್ಲಿ ಸೇರುವ ಮೊದಲೇ, ಪ್ರವೇಶ ಕೊಟ್ಟ ಪ್ರತಿ ಕಾಲೇಜೂ ತಾನು ಎಷ್ಟು ನೆರವು ಕೊಡುತ್ತೇನೆಂಬ ಲೆಕ್ಕ ಕಳಿಸುತ್ತದೆ. ಅವನ್ನು ಪಕ್ಕಪಕ್ಕ ಇಟ್ಟು ನೋಡಿ ಆರಿಸಿಕೊಳ್ಳಬಹುದು. ನನಗೆ ಇದೇ ಮೇಲು ಎನಿಸುತ್ತದೆ. ಹಾಗೆಂದು ಇಲ್ಲಿಯದೆಲ್ಲ ಸಲೀಸಲ್ಲ. ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಊರಿನಲ್ಲಿ ಆದಾಯದ ವಿವರ ತಾನೇ ಬರುತ್ತದೆ. ಇಲ್ಲಿ ತೆರಿಗೆ ಇಲಾಖೆಯಿಂದ ವಿವರ ತರಿಸಲು ಮಗಳೂ ನಾವೂ ಒಪ್ಪಿಗೆ ಕೊಡಬೇಕು, ಅದೂ ಎರಡು ವರ್ಷ ಹಿಂದಿನ ಆದಾಯದ್ದು.

ಕೆಲವು ಖಾಸಗಿ ಕಾಲೇಜುಗಳಿಗೆ ಇಷ್ಟು ಸಾಲದು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿ ಬೇಕು. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಪ್ರತಿಯೊಂದಕ್ಕೂ 16. ವರಮಾನ ಒಂದು ಲಕ್ಷ ಡಾಲರಿನೊಳಗಿದ್ದರೆ ಶುಲ್ಕವಿಲ್ಲ. ಅದು ಮನೆಯ ಬೆಲೆಯನ್ನೂ ಬೇರೆ ಆಸ್ತಿಯನ್ನೂ ಕೆದಕಿ ಕೇಳುತ್ತದೆ. ತಿಪಟೂರಿನ ಬಳಿಯ ತೆಂಗಿನ ತೋಟದಲ್ಲಿ ನನಗೊಂದು ಪಾಲಿದೆ, ಇನ್ನೂ ಭಾಗವಾಗಿಲ್ಲ. ಅಣ್ಣನಿಗೆ ಫೋನ್ ಮಾಡಿ ಎಕರೆಗೆ ಎಷ್ಟಾಗಬಹುದು ಎಂದು ಕೇಳಿದೆ. ಆ ಕಡೆ ಅರೆಗಳಿಗೆ ಸದ್ದಿಲ್ಲ. ಆಮೇಲೆ, "ಯಾಕೋ, ಪಾಲು ಮಾರುತ್ತೀಯಾ?" ಎಂದ. ಮಗಳ ಓದಿಗೆ ಅರ್ಜಿ ಎಂದರೆ ನಂಬಲೇ ಇಲ್ಲ. ಅಮೆರಿಕದ ಕಾಲೇಜಿಗೆ ನಮ್ಮ ತೋಟ ಯಾಕೆ ಬೇಕು ಎಂಬುದು ಅವನ ಪ್ರಶ್ನೆ. ನನಗೂ ಉತ್ತರ ಹೊಳೆಯಲಿಲ್ಲ.

ಮಾರ್ಚಿನಲ್ಲಿ ಕಾಲೇಜುಗಳಿಂದ ನೆರವಿನ ಲೆಕ್ಕದ ಪತ್ರಗಳು ಬಂದವು. ಒಂದರಲ್ಲಿ "ನೆರವು" ಎಂಬ ತಲೆಬರಹದಡಿ ಅನುದಾನ, ಕ್ಯಾಂಪಸ್ ಕೆಲಸದ ಸಂಬಳ, 5,500 ಡಾಲರ್ ಸಾಲ ಎಲ್ಲವನ್ನೂ ಒಟ್ಟಿಗೆ ಕೂಡಿಸಿದ್ದರು. ಸಾಲವನ್ನು ನೆರವು ಎಂದು ಕರೆಯುವ ಈ ಜಾಣತನ ನಮ್ಮೂರಿನ ಬಡ್ಡಿ ಸಾಹುಕಾರರಿಗೂ ಹೊಳೆದಿರಲಾರದು. ಮಗಳು ಪೆನ್ಸಿಲ್ ಹಿಡಿದು ಎಲ್ಲ ಪತ್ರಗಳಲ್ಲೂ ಸಾಲ ಮತ್ತು ಸಂಬಳವನ್ನು ಹೊಡೆದುಹಾಕಿ ಮತ್ತೆ ಕೂಡಿದಳು. ಸೇರಿಸುವುದೇ ಬೇಡ ಎಂದು ನಾನು ಹಟ ಹಿಡಿದಿದ್ದ ಖಾಸಗಿ ಕಾಲೇಜು ಎಲ್ಲಕ್ಕಿಂತ ಅಗ್ಗವಾಗಿ ಕಂಡಿತು. ಅವಳು ಸೇರಿದ್ದೂ ಅಲ್ಲಿಗೇ.

ಅಣ್ಣ ಈಗಲೂ ಫೋನ್ ಇಡುವ ಮುನ್ನ ತೋಟದ ಮಾತು ತೆಗೆಯುತ್ತಾನೆ.