ಆರು ಪೆಟ್ಟಿಗೆಗಳು ಮತ್ತು ನಮ್ಮ ಮಾವನವರು

ಪಾತ್ರಗಳು ಮಾತಾಡುವಾಗ ರಿಮೋಟ್ ಒತ್ತಿ ಶಬ್ದ ಏರಿಸುವುದು, ಮರುಕ್ಷಣವೇ ಕಾರೊಂದು ಸಿಡಿದಾಗ ಎದ್ದೆನೋ ಬಿದ್ದೆನೋ ಎಂದು ಇಳಿಸುವುದು: ಹೋಮ್ ಥಿಯೇಟರ್ ಇರುವ ಮನೆಯಲ್ಲಿ ಸಿನಿಮಾ ನೋಡುವುದೆಂದರೆ ಇಷ್ಟೇ ಆಗಿಬಿಟ್ಟಿದೆ. ನಿನ್ನೆ ರಾತ್ರಿಯ ಸಿನಿಮಾ ಮುಗಿದಾಗ ನಾಯಕ ಯಾರನ್ನು ಕೊಂದ, ಏಕೆ ಕೊಂದ ಎಂಬುದು ತಿಳಿಯಲಿಲ್ಲವಾದರೂ ಆ ಎರಡು ಗುಂಡಿಗಳ ಪರಿಚಯ ಮಾತ್ರ ಗಾಢವಾಯಿತು. ಹೆಬ್ಬೆರಳು ಈ ಹೊತ್ತಿಗೂ ನೋಯುತ್ತಿದೆ.

ಐದು ಸ್ಪೀಕರುಗಳಿಗೆ ಒಂದು ಸಬ್‌ವೂಫರ್ ಸೇರಿದರೆ ಅದನ್ನು 5.1 ಎನ್ನುತ್ತಾರೆ. ಆ ಚುಕ್ಕೆಯ ಆಚೆಗಿನ ಒಂದು, 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗು ಸ್ಫೋಟಗಳಿಗೆಂದೇ ಮೀಸಲಾದ ಪ್ರತ್ಯೇಕ ವಾಹಿನಿ. ಕಾಗದದ ಮೇಲೆ ಅದರ ಪಾಲು ಹತ್ತನೆಯ ಒಂದಂಶವಾದರೂ ಮನೆಯೊಳಗೆ ಯಜಮಾನಿಕೆ ಅದರದೇ. ಹಿಂದಿನ ಎರಡು ಸ್ಪೀಕರುಗಳು ಕೇಳುಗನ ಎಡಬಲಕ್ಕೆ ಸುಮಾರು 110 ಡಿಗ್ರಿ ಕೋನದಲ್ಲಿರಬೇಕೆಂಬುದು ನಿಯಮ. ಬಲಗಡೆ ಆ ಕೋನದಲ್ಲಿ ಗೋಡೆ ಸಿಕ್ಕಿತು, ಎಡಗಡೆ ಫ್ರಿಜ್ ಸಿಕ್ಕಿತು. ಹೀಗಾಗಿ ನಮ್ಮ ಮನೆಯಲ್ಲಿ ಸಿನಿಮಾದ ಮಳೆಯ ಅರ್ಧ ಭಾಗ ಫ್ರಿಜ್ಜಿನ ನೆತ್ತಿಯಿಂದ ಸುರಿಯುತ್ತದೆ. ಮೊದಲ ಸಲ ಅದನ್ನು ಕೇಳಿ ನನ್ನ ಹೆಂಡತಿ ನೀರು ಸೋರುತ್ತಿದೆಯೆಂದು ನೆಲ ಒರೆಸುವ ಬಟ್ಟೆ ತಂದಿದ್ದಳು. ಧ್ವನಿಯ ನೈಜತೆಯ ಬಗ್ಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕಿಲ್ಲ.

ಸಬ್‌ವೂಫರ್ ಎಲ್ಲಿಡಬೇಕೆಂಬ ಪ್ರಶ್ನೆಗೆ ಉತ್ತರ ಹೇಳಿದವನು ನನ್ನ ಭಾವಮೈದುನ. ಅದನ್ನು ನಾವು ಕೂರುವ ಜಾಗದಲ್ಲಿ ಕೂರಿಸಿ, ನಾವು ನೆಲದ ಮೇಲೆ ಅಂಬೆಗಾಲಿಡುತ್ತ ಹೋಗಬೇಕು. ಎಲ್ಲಿ ಮಂದ್ರ ಸ್ವರಗಳು ಹದವಾಗಿ ಕೇಳಿಸುತ್ತವೆಯೋ ಅದೇ ಅದರ ಜಾಗ. ನಂಬುವುದು ಕಷ್ಟವಾದರೂ ಇದು ಬಲ್ಲವರೆಲ್ಲ ಒಪ್ಪುವ ಕ್ರಮವೇ. ಭಾನುವಾರ ಬೆಳಿಗ್ಗೆ ನಿರ್ವಹಣಾ ಶುಲ್ಕ ಕೇಳಲು ಬಂದ ಅಪಾರ್ಟ್‌ಮೆಂಟ್ ಸಂಘದ ಹಿರಿಯರು, ಸೋಫಾದ ಮೇಲೆ ವಿರಾಜಮಾನವಾದ ಕಪ್ಪು ಪೆಟ್ಟಿಗೆಯನ್ನೂ ಅದರ ಮುಂದೆ ಮಂಡಿಯೂರಿದ್ದ ಇಬ್ಬರು ಗಂಡಸರನ್ನೂ ಕಂಡು, ಚಪ್ಪಲಿ ಕಳಚಿ, ಕೈಮುಗಿದು ಬಾಗಿಲಲ್ಲೇ ನಿಂತರು. ಮಂಗಳಾರತಿ ಆಗಿಲ್ಲವೆಂದು ತಿಳಿದೋ ಏನೋ, ಶುಲ್ಕದ ಮಾತೆತ್ತದೆ ಹಿಂದಿರುಗಿದರು.

ಇಷ್ಟೆಲ್ಲ ತೆವಳಿದರೂ ಹಾಲ್‌ನ ಉದ್ದ 14 ಅಡಿಯೇ ಉಳಿಯಿತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, 40 ಹರ್ಟ್ಸ್ ಸ್ವರದ ಅರ್ಧ ಅಲೆ ಆ ಉದ್ದಕ್ಕೆ ಅಳತೆ ಮಾಡಿದಂತೆ ಕೂರುತ್ತದೆ. ಎರಡೂ ತುದಿಯ ಗೋಡೆಗಳ ಬಳಿ ಅಬ್ಬರಿಸುವ ಸ್ವರ ನಟ್ಟನಡುವೆ ಬಹುತೇಕ ಸತ್ತೇ ಹೋಗುತ್ತದೆ. ಸೋಫಾ ಇರುವುದು ನಟ್ಟನಡುವೆ, ಅದನ್ನು ಸರಿಸಿದರೆ ಬಾಲ್ಕನಿಯ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ದುಡ್ಡು ಕೊಟ್ಟ ನನಗೆ ಸಿಗದ ಗುಡುಗು, ಗೋಡೆಯಾಚೆಯ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಮುಚ್ಚಳವನ್ನು ಟರ್ರೆನ್ನಿಸುತ್ತದೆ.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಮಾತು ಕೇಳಿಸದಿರುವುದು. ಸಿನಿಮಾದ ಮಾತುಗಳ ಬಹುಪಾಲನ್ನು ಹೊರುವುದು ನಡುವಿನ ಸ್ಪೀಕರು. ಥಿಯೇಟರುಗಳಲ್ಲಿ ಅದನ್ನು ತೆರೆಯ ಹಿಂದಿಟ್ಟು, ತೆರೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು ಕೊರೆದಿರುತ್ತಾರೆ. ಮಾತು ನಟನ ಬಾಯಿಂದಲೇ ಬಂದಂತೆ ಕೇಳಿಸುವುದು ಅದರಿಂದ. ಟಿ.ವಿ.ಗೆ ತೂತು ಕೊರೆಯುವಂತಿಲ್ಲವಾದ್ದರಿಂದ ನಮ್ಮದು ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ ಕುಳಿತು ನಮ್ಮ ಮೊಣಕಾಲುಗಳಿಗೆ ಕಥೆ ಹೇಳುತ್ತದೆ. ಅದೂ ಸಾಲದೆಂಬಂತೆ, ಚಿತ್ರಮಂದಿರದ ಧ್ವನಿಮಿಶ್ರಣ ಮಾಡುವವರು 85 ಡೆಸಿಬೆಲ್ಲನ್ನು ಆಧಾರವಾಗಿಟ್ಟುಕೊಂಡು, ಆರ್ಭಟಕ್ಕೆಂದು ಅದರ ಮೇಲೆ ಇನ್ನೂ 20 ಡೆಸಿಬೆಲ್ ಜಾಗ ಬಿಟ್ಟಿರುತ್ತಾರೆ. ವಸತಿ ಪ್ರದೇಶದಲ್ಲಿ ರಾತ್ರಿ 10ರ ನಂತರದ ಮಿತಿ 45 ಡೆಸಿಬೆಲ್ ಎನ್ನುತ್ತವೆ 2000ದ ಶಬ್ದಮಾಲಿನ್ಯ ನಿಯಮಗಳು. ಕೆಳಗಿನ ಮನೆಯವರು ಅದನ್ನು ಓದಿರಲಾರರು, ಆದರೆ ಜೇಡರ ಬಲೆ ತೆಗೆಯುವ ಕೋಲಿನಿಂದ ತಮ್ಮ ಚಾವಣಿಯನ್ನು ಬಡಿದು ಅದರ ಸಾರಾಂಶವನ್ನು ತಲುಪಿಸುತ್ತಾರೆ. ಶಬ್ದ ಇಳಿಸುತ್ತೇನೆ. ಇಳಿಸಿದೊಡನೆ ಮೊದಲು ಮುಳುಗುವುದು ಮಾತೇ.

ಆಗ ಮಾವನವರು ಕೇಳುತ್ತಾರೆ: "ಏನಂದ?"

ಈ ಪ್ರಶ್ನೆಗೆ ಉತ್ತರಿಸುವುದು ಮೊಮ್ಮಗಳ ಕೆಲಸ. ಅವಳು "ತಮ್ಮನನ್ನು ಕೊಂದವರನ್ನು ಬಿಡಲ್ಲ ಅಂದ ತಾತಾ" ಎಂದು ಬಿಡಿಸಿ ಹೇಳುವಷ್ಟರಲ್ಲಿ ತೆರೆಯ ಮೇಲೆ ಇನ್ನೆರಡು ಮಾತು ಆಗಿಹೋಗಿರುತ್ತವೆ. ಅದನ್ನು ಕಳೆದುಕೊಂಡ ನನ್ನ ಹೆಂಡತಿ "ಅದಕ್ಕೆ ಅವಳೇನಂದಳು?" ಎನ್ನುತ್ತಾಳೆ. ಮಗಳು ತನ್ನ ಬಗ್ಗೆಯೇ ಕೇಳುತ್ತಿದ್ದಾರೆಂದುಕೊಂಡು "ನಾನು ಹೇಳಿದ್ದು ತಾತನಿಗೆ" ಎಂದರೆ, ಮಾವನವರು "ನನಗೇನೂ ಹೇಳಲಿಲ್ಲವಲ್ಲಮ್ಮ" ಎಂದು ಕಿವಿಗೆ ಕೈ ಆನಿಸುತ್ತಾರೆ. ಕೊನೆಗೆ ನಾನು ಸಿನಿಮಾವನ್ನು ತುಸು ಹಿಂದಕ್ಕೆ ಓಡಿಸುತ್ತೇನೆ. ಹಿಂದೆ ಇರುವುದು ಅದೇ ಕಾರು. ಅದು ಮತ್ತೊಮ್ಮೆ ಸಿಡಿಯುತ್ತದೆ, ಕೋಲು ಮತ್ತೊಮ್ಮೆ ಬಡಿಯುತ್ತದೆ, ಮಾವನವರು "ಇದು ಆಗಲೇ ಸುಟ್ಟುಹೋಯಿತಲ್ಲ, ಅಳಿಯಂದಿರೇ?" ಎಂದು ನನ್ನ ಕಡೆ ಕನಿಕರದಿಂದ ನೋಡುತ್ತಾರೆ.

ವಯಸ್ಸಾದಂತೆ ಮೊದಲು ಕೈಕೊಡುವುದು ತಾರಸ್ವರಗಳನ್ನು ಹಿಡಿಯುವ ಶಕ್ತಿ. ಸ, ಶ, ತ ಮೊದಲಾದ ವ್ಯಂಜನಗಳು ಜಾರಿಹೋಗಿ, ಮಾತು ಕಿವಿಗೆ ಬಿದ್ದರೂ ಅರ್ಥ ಬೀಳುವುದಿಲ್ಲ. ಶ್ರವಣಯಂತ್ರದ ಪ್ರಸ್ತಾಪ ಬಂದಾಗ ಅವರು, "ಆರು ಪೆಟ್ಟಿಗೆ ತಂದದ್ದಾಯಿತು, ಏಳನೆಯದನ್ನು ನನ್ನ ಕಿವಿಯೊಳಗೇ ಇಡುತ್ತೀರೋ?" ಎಂದರು. ದೂರನ್ನೆಲ್ಲ ಅವರ ಕಿವಿಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ಹದಿನೈದರ ಹುಡುಗಿಗೂ ಕೇಳಿಸದೆ ನಾವೀಗ ಅಚ್ಚಕನ್ನಡದ ಸಿನಿಮಾವನ್ನು ಇಂಗ್ಲಿಷ್ ಅಡಿಬರಹ ಓದಿಕೊಂಡು ನೋಡುತ್ತಿದ್ದೇವೆ. ಸುದ್ದಿವಾಹಿನಿಯವರ ಒಂದಕ್ಷರವಾದರೂ ತಪ್ಪಿಹೋಗಬಾರದೇ!

ತಿಪಟೂರಿನ ಕಡೆಯ ಹಳ್ಳಿಯಲ್ಲಿ ಬೆಳೆದ ಮಾವನವರು ಟಿಕೇಟಿಗೆ ಕಾಸಿಲ್ಲದ ವಯಸ್ಸಿನಲ್ಲಿ ಸಿನಿಮಾಗಳನ್ನು ಕೇಳಿಯೇ ಮುಗಿಸಿದವರು. ಟೂರಿಂಗ್ ಟಾಕೀಸಿನ ಡೇರೆಯಿಂದ ಎರಡು ಹೊಲ ದಾಟಿ ಬರುತ್ತಿದ್ದ ಮಾತನ್ನು ಜಗುಲಿಯ ಮೇಲೆ ಮಲಗಿ ಆಲಿಸಿ, ವಾರದೊಳಗೆ ಎಲ್ಲ ಪಾತ್ರಗಳ ಸಂಭಾಷಣೆಯನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರಂತೆ. ಮುಂದೆ ಅಂಥದ್ದೊಂದು ಚಿತ್ರವನ್ನು ಕಣ್ಣಾರೆ ನೋಡಿದಾಗ, ಖಳನಾಯಕ ತಾವು ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದನೆಂಬ ಬೇಸರ ಅವರಿಗೆ ಇನ್ನೂ ಇದೆ. ಆ ಕಥೆ ಹೇಳುವಾಗ ಮಾತ್ರ ಅವರು ಯಾರನ್ನೂ "ಏನಂದ?" ಎಂದು ಕೇಳುವುದಿಲ್ಲ; ಎಲ್ಲರ ಮಾತನ್ನೂ ತಾವೇ ಆಡುತ್ತಾರೆ.

ಇಂದು ಬೆಳಿಗ್ಗೆ ಭಾವಮೈದುನ ಬಂದು ನಡುವಿನ ಸ್ಪೀಕರಿನ ಮಟ್ಟವನ್ನು 4 ಡೆಸಿಬೆಲ್ ಏರಿಸಿ, ಅದರ ಮುಂಭಾಗದ ಕೆಳಗೆ ರಬ್ಬರಿನ ತುಂಡು ಕೊಟ್ಟು ಮೂತಿಯನ್ನು ನಮ್ಮ ಕಿವಿಗಳತ್ತ ಎತ್ತಿದ. ಅಬ್ಬರಕ್ಕೂ ಪಿಸುಮಾತಿಗೂ ನಡುವಿನ ಅಂತರವನ್ನು ಕುಗ್ಗಿಸುವ ನೈಟ್ ಮೋಡ್ ಒಂದು ಮೆನುವಿನ ಆಳದಲ್ಲಿ ಅಡಗಿತ್ತು; ಅದನ್ನೂ ಹುಡುಕಿ ಹಾಕಿದ. ನಿನ್ನೆಯ ಸಿನಿಮಾವನ್ನೇ ಮೊದಲಿಂದ ಹಚ್ಚಿದೆವು. ಮಾವನವರು ಅರ್ಧ ಗಂಟೆ ತುಟಿಪಿಟಕ್ಕೆನ್ನದೆ ಕೇಳಿ, "ಎಲ್ಲ ಕೇಳಿಸಿತು. ಕೇಳಿಸದಿದ್ದಾಗಲೇ ಕಥೆ ಚೆನ್ನಾಗಿತ್ತು" ಎಂದು ವಾಕಿಂಗಿಗೆ ಹೊರಟರು. ಇದಕ್ಕೂ ಪರಿಹಾರವಿದೆ ಎಂದ ಭಾವಮೈದುನ. ಹಿಂದುಗಡೆ ಇನ್ನೆರಡು ಸ್ಪೀಕರು ಸೇರಿಸಿ 7.1 ಮಾಡಿಬಿಡಬೇಕಂತೆ. ಮಾಡಬಹುದಿತ್ತು, ಆದರೆ ನಮ್ಮ ಮನೆಯಲ್ಲಿರುವುದು ಒಂದೇ ಫ್ರಿಜ್.