ಭಾವನ ಸ್ವಾವಲಂಬನೆ, ತಿಂಗಳಿಗೆ 29 ಡಾಲರ್

ನಮ್ಮ ಭಾವ ಸ್ವಾವಲಂಬಿ ಆಗಿ ಎರಡು ವರ್ಷ ಆಯಿತು. ತಿಂಗಳಿಗೆ 29 ಡಾಲರ್. ಒಂದನೇ ತಾರೀಖು ಬಂತೆಂದರೆ ಕ್ರೆಡಿಟ್ ಕಾರ್ಡಿನಿಂದ ತಾನಾಗಿಯೇ ಕಟ್ ಆಗುತ್ತದೆ. ಭಾವ ಏನೂ ಮಾಡಬೇಕಾಗಿಲ್ಲ.

ಅವರಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದಲ್ಲಿ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅವರಿಗೊಬ್ಬ ಗುರು ಇದ್ದಾರೆ. ದಿನಾ ಒಂದು ಗಂಟೆ ಪಾಡ್‌ಕಾಸ್ಟ್. ಉಪದೇಶ ಮಾತ್ರ ಮೂರೇ ಮಾತು. ಬಾಡಿಗೆ ಕಟ್ಟಬೇಡ, ಒಡೆಯನಾಗು. ಯಾರನ್ನೂ ನೆಚ್ಚಿಕೊಳ್ಳಬೇಡ. ಸರ್ಕಾರವನ್ನಂತೂ ನೆಚ್ಚಲೇಬೇಡ. ನಡುನಡುವೆ ಚಿನ್ನದ ನಾಣ್ಯದ ಜಾಹೀರಾತು, ವರ್ಷಗಟ್ಟಲೆ ಕೆಡದ ಒಣ ಊಟದ ಡಬ್ಬಿಯ ಜಾಹೀರಾತು. ಬಾಡಿಗೆ ಕಟ್ಟಬೇಡ ಅನ್ನುವ ಮಾತು ಕೇಳಲು ಭಾವ ತಿಂಗಳಿಗೆ 29 ಡಾಲರ್ ಬಾಡಿಗೆ ಕಟ್ಟುತ್ತಿದ್ದಾರೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತ ಗಾದೆ ಕಟ್ಟಿದವರು ಈ ಪಾಡ್‌ಕಾಸ್ಟ್ ಕೇಳಿಯೇ ಕಟ್ಟಿರಬೇಕು.

ಹಾಗಂತ ಭಾವನನ್ನು ಸುಮ್ನೆ ಆಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಜವಾಗಿ ಕಷ್ಟಪಡುವ ಮನುಷ್ಯ. ಹದಿನೆಂಟು ವರ್ಷದ ಹಳೇ ಕಾರು ಓಡಿಸುತ್ತಾರೆ. ನಲ್ಲಿ ಸೋರಿದರೆ ವಾಷರ್ ತಾವೇ ಬದಲಾಯಿಸುತ್ತಾರೆ. ಸಾಲ ಮಾಡಿ ಟಿವಿ ತಂದವರಲ್ಲ. ಉಳಿಸು, ಆಸ್ತಿ ಮಾಡು, ನಿನ್ನ ಕಾಲ ಮೇಲೆ ನಿಲ್ಲು ಅನ್ನುವುದರಲ್ಲಿ ತಪ್ಪೇನಿದೆ? ನಮ್ಮ ಅಜ್ಜಿಯೂ ಇದನ್ನೇ ಹೇಳುತ್ತಿದ್ದರು, ಅದೂ ಬಿಟ್ಟಿಯಾಗಿ. ನನ್ನ ತಕರಾರು ಭಾವನ ಆಸ್ತಿಯ ಮೇಲಲ್ಲ. "ಎಲ್ಲಾ ನಾನೊಬ್ಬನೇ ಮಾಡಿದ್ದು, ಸರ್ಕಾರದ ಒಂದು ಪೈಸಾ ಮುಟ್ಟಿಲ್ಲ" ಅನ್ನುತ್ತಾರಲ್ಲ, ಆ ಒಂದು ಸಾಲಿನ ಮೇಲೆ.

ಕಳೆದ ಮಾರ್ಚಿನಲ್ಲಿ ಅವರ ಊಟದ ಟೇಬಲ್ ಮೇಲೆ ಟ್ಯಾಕ್ಸ್ ಕಾಗದ ಹರಡಿತ್ತು. ಅಕ್ಕ ತಟ್ಟೆ ಇಡಲು ಜಾಗವಿಲ್ಲದೆ ಗೊಣಗುತ್ತಿದ್ದಳು. ಭಾವನಿಗೆ ಮೂರು ಮನೆ. ಒಂದು ಇರುವುದಕ್ಕೆ, ಎರಡು ಬಾಡಿಗೆಗೆ. ಇರುವ ಮನೆಯ ಸಾಲದ ಬಡ್ಡಿಯನ್ನು ಆದಾಯದಲ್ಲಿ ಕಳೆದು ತೋರಿಸಬಹುದು. ಸಾಲ 7.5 ಲಕ್ಷ ಡಾಲರ್ ತನಕ ಇದ್ದರೂ ನಡೆಯುತ್ತದೆ. ಬೇಸಿಗೆಯಲ್ಲಿ ಹೋಗಿ ಮಲಗಲು ಇನ್ನೊಂದು ಮನೆ ಇಟ್ಟುಕೊಂಡಿದ್ದರೆ ಅದರ ಬಡ್ಡಿಯೂ ಆ ಲೆಕ್ಕದೊಳಗೇ ಬರುತ್ತದೆ.

"ಭಾವ, ಇದು ಸರ್ಕಾರದ ಸಹಾಯ ಅಲ್ವಾ?" ಅಂದೆ.

"ಸಹಾಯ ಹೇಗಾಗುತ್ತೋ? ನನ್ನ ದುಡ್ಡು ನನ್ನ ಹತ್ರ ಉಳೀತು, ಅಷ್ಟೇ."

"ನಿಮ್ಮ ಮನೇಲಿ ಬಾಡಿಗೆಗೆ ಇರೋನ ದುಡ್ಡು ಅವನ ಹತ್ರ ಯಾಕೆ ಉಳಿಯಲ್ಲ?"

"ಅವನೂ ಮನೆ ತಗೊಳ್ಳಲಿ. ಯಾರು ಬೇಡ ಅಂದ್ರು?"

ಭಾವ ಒಬ್ಬರೇ ಹೀಗಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಸುಸಾನ್ ಮೆಟ್ಲರ್ 2008ರ ಒಂದು ಸಮೀಕ್ಷೆಯಲ್ಲಿ ಜನರನ್ನು ಕೇಳಿದರು: ನೀವು ಯಾವತ್ತಾದರೂ ಸರ್ಕಾರದ ಯೋಜನೆ ಬಳಸಿದ್ದೀರಾ? ಮನೆಸಾಲದ ಬಡ್ಡಿಯ ರಿಯಾಯಿತಿ ಪಡೆದವರಲ್ಲಿ ನೂರಕ್ಕೆ 60 ಮಂದಿ "ಇಲ್ಲವೇ ಇಲ್ಲ" ಅಂದಿದ್ದರು. ಸುಳ್ಳು ಹೇಳಿದರು ಅಂತಲ್ಲ. ಅವರ ಮನಸ್ಸಿನಲ್ಲಿ ಅದು ಸಹಾಯವೇ ಅಲ್ಲ. ಕ್ಯೂನಲ್ಲಿ ನಿಂತು ತಗೊಂಡರೆ ಭಿಕ್ಷೆ, ಫಾರ್ಮ್ ತುಂಬಿ ತಗೊಂಡರೆ ಬುದ್ಧಿವಂತಿಕೆ.

ಬಾಡಿಗೆ ಮನೆಗಳ ಲೆಕ್ಕ ಇನ್ನೂ ಸೊಗಸು. ಇಲ್ಲಿನ ಕಾನೂನಿನ ಪ್ರಕಾರ ಬಾಡಿಗೆ ಮನೆಯ ಆಯಸ್ಸು ಇಪ್ಪತ್ತೇಳೂವರೆ ವರ್ಷ. ಇಪ್ಪತ್ತೇಳಲ್ಲ, ಇಪ್ಪತ್ತೆಂಟಲ್ಲ, 27.5. ಕಟ್ಟಡ ವರ್ಷಾ ವರ್ಷಾ ಸವೆಯುತ್ತಿದೆ ಅಂತ ಅಷ್ಟಷ್ಟು ಕಳೆಯುತ್ತಾ ಹೋಗಬಹುದು. ಭಾವ 2012ರಲ್ಲಿ ಕೊಂಡ ಮನೆ ಈಗ ಎರಡರಷ್ಟು ಬೆಲೆ ಬಾಳುತ್ತದೆ. ಅದೇ ಮನೆ ಟ್ಯಾಕ್ಸ್ ಕಾಗದದಲ್ಲಿ ಅರ್ಧ ಸತ್ತಿದೆ. ಬಾಡಿಗೆ ಜಾಹೀರಾತಿನಲ್ಲಿ ಮದುಮಗ, ಸರ್ಕಾರದ ಮುಂದೆ ಹಾಸಿಗೆ ಹಿಡಿದ ಮುದುಕ.

ಮಾರಿದಾಗ ಈ ನಾಟಕ ಬಯಲಾಗುವುದಿಲ್ಲವೇ? ಆಗುತ್ತದೆ, ಮಾರಿ ದುಡ್ಡು ಜೇಬಿಗೆ ಹಾಕಿಕೊಂಡರೆ. ಅದಕ್ಕೆ ಭಾವ ಮಾರುವುದಿಲ್ಲ, ಬದಲಾಯಿಸುತ್ತಾರೆ. ತೆರಿಗೆ ಕಾಯ್ದೆಯ 1031ನೇ ಸೆಕ್ಷನ್ ಅಂತ ಒಂದಿದೆ. ಇದರ ಮೂಲ 1921ರದ್ದು. ಒಂದು ಮನೆ ಕೊಟ್ಟು, ಗಡುವಿನೊಳಗೆ ಅದಕ್ಕಿಂತ ದೊಡ್ಡದು ತಗೊಂಡರೆ ಲಾಭದ ಮೇಲಿನ ತೆರಿಗೆ ಮುಂದಕ್ಕೆ ಹೋಗುತ್ತದೆ. ಮತ್ತೆ ಬದಲಾಯಿಸಿದರೆ ಮತ್ತೆ ಮುಂದಕ್ಕೆ. ಕೊನೆಗೆ ಯಜಮಾನ ತೀರಿಕೊಂಡ ಅನ್ನಿ, ಮಕ್ಕಳ ಕೈಗೆ ಬರುವ ಹೊತ್ತಿಗೆ ಮನೆಯ ಕೊಂಡ ಬೆಲೆ ಆವತ್ತಿನ ಮಾರುಕಟ್ಟೆ ಬೆಲೆಗೆ ಏರಿ ಕೂತಿರುತ್ತದೆ. ಹಳೇ ಲಾಭ ಗಾಳಿಯಲ್ಲಿ ಕರಗಿತು. ಈ ದಂಧೆಯವರ ಬಾಯಲ್ಲಿ ಇದಕ್ಕೊಂದು ಮಂತ್ರವೇ ಇದೆ: ಬೀಳೋವರೆಗೂ ಬದಲಾಯಿಸ್ತಾ ಇರು. ಬೀಳೋದು ಅಂದರೆ ಹೆಣವಾಗಿ.

ಗುರುಗಳು ಇದನ್ನು ಮೂರು ಎಪಿಸೋಡ್ ಹೇಳಿದರಂತೆ. ಸರ್ಕಾರ ನಿನ್ನ ಕೆಲಸಕ್ಕೆ ಬರುವುದಿಲ್ಲ ಅನ್ನುವ ಎಪಿಸೋಡ್ ಅದರ ಹಿಂದಿನ ವಾರ.

ಇನ್ನು ಸಾಲ. ಭಾವನ ಮೂರೂ ಮನೆಗೆ 30 ವರ್ಷದ ಸಾಲ, ಬಡ್ಡಿ ಒಂದು ಚೂರೂ ಅಲ್ಲಾಡದು. "ಇದು ಮಾರುಕಟ್ಟೆಯ ಶಕ್ತಿ" ಅನ್ನುತ್ತಾರೆ. 1930ಕ್ಕೆ ಮುಂಚೆ ಅದೇ ಮಾರುಕಟ್ಟೆ ಏನು ಕೊಡುತ್ತಿತ್ತು ಗೊತ್ತೇ? ಐದೋ ಹತ್ತೋ ವರ್ಷದ ಸಾಲ, ಬೆಲೆಯ ಅರ್ಧದಷ್ಟು ಮುಂಗಡ, ಕೊನೆಗೆ ಅಸಲು ಒಂದೇ ಗಂಟು ಕಟ್ಟು. ಮಹಾ ಕುಸಿತದಲ್ಲಿ ಮನೆಗಳು ಸಾಲುಸಾಲಾಗಿ ಹರಾಜಾದ ಮೇಲೆ ಸರ್ಕಾರ ಕೈ ಹಾಕಿತು. 1934ರಲ್ಲಿ ಸಾಲಕ್ಕೆ ವಿಮೆ ಕೊಡುವ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, 1938ರಲ್ಲಿ ಸಾಲವನ್ನೇ ಕೊಂಡುಕೊಳ್ಳುವ ಫ್ಯಾನಿ ಮೇ. ಸರ್ಕಾರ ಹಿಂದೆ ನಿಂತಿದ್ದಕ್ಕೇ ಬ್ಯಾಂಕಿನವನಿಗೆ 30 ವರ್ಷ ಕಾಯುವ ಧೈರ್ಯ ಬಂದದ್ದು. ಆ ಸಹಾಯವೂ ಎಲ್ಲರಿಗಲ್ಲ. ಕರಿಯರ ಕೇರಿಗಳ ಸುತ್ತ ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದಿದ್ದರು. ಅಲ್ಲಿಯವರ ಸ್ವಾವಲಂಬನೆಗೆ ವಿಮೆ ಸಿಗಲಿಲ್ಲ. ಅವರ ಮೊಮ್ಮಕ್ಕಳಿಗೆ ಈಗ ಗುರುಗಳ ಕಿವಿಮಾತು: ನಿಮ್ಮ ತಾತ ಯಾಕೆ ಆಸ್ತಿ ಮಾಡಲಿಲ್ಲ?

ಅದಕ್ಕೂ ಹಿಂದಕ್ಕೆ ಹೋದರೆ 1862ರ ಹೋಮ್‌ಸ್ಟೆಡ್ ಕಾಯ್ದೆ. ಲಿಂಕನ್ ಸಹಿ ಹಾಕಿದ್ದು. ತಲೆಗೆ 160 ಎಕರೆ, ಹೆಚ್ಚುಕಡಿಮೆ ಬಿಟ್ಟಿ. ಐದು ವರ್ಷ ಇದ್ದು ಉತ್ತರೆ ನಿಮ್ಮದು. ಮೂಲನಿವಾಸಿಗಳನ್ನು ಎಬ್ಬಿಸಿ ಹಂಚಿದ ಈ ಭೂಮಿ ಒಟ್ಟು 27 ಕೋಟಿ ಎಕರೆ, ದೇಶದ ನೆಲದಲ್ಲಿ ಹತ್ತನೇ ಒಂದು ಪಾಲು. ಉತ್ತವರು ಬೆವರು ಸುರಿಸಿದ್ದು ನಿಜ. ಆದರೆ ಇವತ್ತಿನ ಭಾಷಣಗಳಲ್ಲಿ ಬೆವರು ಮಾತ್ರ ಉಳಿದಿದೆ, ನೆಲ ಎಲ್ಲಿಂದ ಬಂತು ಅನ್ನುವುದು ಆವಿಯಾಗಿದೆ.

ಇನ್ನೊಬ್ಬರಿದ್ದಾರೆ, ಅವರ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಲೇಖಕ ಹೆನ್ರಿ ಡೇವಿಡ್ ಥೋರೋ. ಒಂಟಿಯಾಗಿ ಕಾಡಿನಲ್ಲಿ ಬದುಕಿ ತೋರಿಸಿದ ಮಹನೀಯರು ಅಂತ ಗುರುಗಳು ವಾರಕ್ಕೊಮ್ಮೆ ಕೈ ಮುಗಿಯುತ್ತಾರೆ. 1845ರಲ್ಲಿ ಅವರು ಗುಡಿಸಲು ಕಟ್ಟಿದ್ದು ಗೆಳೆಯ ಎಮರ್ಸನ್ ಅವರ ಜಾಗದಲ್ಲಿ. ಮರ ಕಡಿಯಲು ಕೊಡಲಿ ಕಡ ತಂದಿದ್ದರು. ಥೋರೋ ದೊಡ್ಡ ಮನುಷ್ಯ, ಕಡ ತಂದಿದ್ದನ್ನು ತಾವೇ ಬರೆದಿಟ್ಟರು. ಶಿಷ್ಯರು ಕೊಡಲಿಯನ್ನು ಮಾತ್ರ ಮರೆತರು.

ರಾಜಕೀಯಕ್ಕೆ ಬಂದರೆ ನಗು ತಡೆಯುವುದೇ ಕಷ್ಟ. 2012ರಲ್ಲಿ ಟ್ಯಾಂಪಾದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ. ಘೋಷಣೆ "ಕಟ್ಟಿದ್ದು ನಾವೇ". ವ್ಯಾಪಾರ ನೀವೊಬ್ಬರೇ ಕಟ್ಟಿದ್ದಲ್ಲ ಅಂದಿದ್ದ ಒಬಾಮಾ ಅವರಿಗೆ, ಕಟ್ಟಿದ್ದು ನಾವು, ಸರ್ಕಾರವಲ್ಲ ಅಂತ ಕೊಟ್ಟ ತಿರುಗೇಟು. ಚಪ್ಪಾಳೆಯೋ ಚಪ್ಪಾಳೆ. ಸಮಾವೇಶ ನಡೆದ ಕ್ರೀಡಾಂಗಣ ಕಟ್ಟಿದ್ದು ಮಾತ್ರ ಬಹುಪಾಲು ಸಾರ್ವಜನಿಕ ಹಣದಲ್ಲಿ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ನೆವಾಡಾದಲ್ಲಿ ಕ್ಲೈವನ್ ಬಂಡಿ ಅಂತ ಒಬ್ಬ ದನದ ಯಜಮಾನ. ದನ ಮೇಯುತ್ತಿದ್ದುದು ಕೇಂದ್ರ ಸರ್ಕಾರದ ಜಮೀನಿನಲ್ಲಿ. ಶುಲ್ಕ ಎಷ್ಟು? 2014ರಲ್ಲಿ ಒಂದು ಹಸು, ಅದರ ಕರು, ತಿಂಗಳಿಗೆ 1 ಡಾಲರ್ 35 ಸೆಂಟ್. ಖಾಸಗಿ ಜಮೀನಿನಲ್ಲಿ ಇದರ ಹತ್ತಾರು ಪಟ್ಟು. ಅದನ್ನೂ 1993ರಿಂದ ಕಟ್ಟಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಬಾಕಿ 10 ಲಕ್ಷ ಡಾಲರ್ ದಾಟಿತು. ಅಧಿಕಾರಿಗಳು ದನ ಹಿಡಿಯಲು ಬಂದಾಗ ಬೆಂಬಲಿಗರು ಬಂದೂಕು ಹಿಡಿದು ನಿಂತರು, ಅಧಿಕಾರಿಗಳು ವಾಪಸ್ ಹೋದರು. ದೇಶದ ಅರ್ಧ ಟಿವಿಗಳಲ್ಲಿ ಬಂಡಿ ಸ್ವಾವಲಂಬನೆಯ ಹೀರೋ. ನಮ್ಮ ಕಡೆ ಊರ ದನ ಕಾಯ್ದು ದೊಡ್ಡಬೋರೇಗೌಡ ಅನ್ನಿಸಿಕೊಂಡವನಿದ್ದಾನೆ. ಇವನು ಊರ ಹುಲ್ಲು ಮೇಯಿಸಿ ಅನ್ನಿಸಿಕೊಂಡ.

2009ರಲ್ಲಿ ದಕ್ಷಿಣ ಕ್ಯಾರೋಲಿನಾದ ಒಂದು ಸಭೆಯಲ್ಲಿ ವಯಸ್ಸಾದವರೊಬ್ಬರು ತಮ್ಮ ಸಂಸದ ಬಾಬ್ ಇಂಗ್ಲಿಸ್ ಅವರಿಗೆ ಗದರಿದರು: ಸರ್ಕಾರದ ಕೈ ನನ್ನ ಮೆಡಿಕೇರ್ ಮುಟ್ಟಕೂಡದು. ಮೆಡಿಕೇರ್ ಅನ್ನುವುದು ವಯಸ್ಸಾದವರಿಗೆ ಸರ್ಕಾರವೇ ಕೊಡುವ ಆರೋಗ್ಯ ವಿಮೆ ಅಂತ ಸಂಸದರು ತಿಳಿಹೇಳಲು ನೋಡಿದರು. ಅಜ್ಜ ಒಪ್ಪಲಿಲ್ಲ.

ಮನೆ ಒಡೆತನವೇ ಒಂದು ರಾಜಕೀಯ ಮಂತ್ರವಾದದ್ದು ಜಾರ್ಜ್ ಬುಷ್ ಕಾಲದಲ್ಲಿ. "ಒಡೆಯರ ಸಮಾಜ" ಕಟ್ಟುತ್ತೇವೆ ಅಂದರು. ಯಾರನ್ನೂ ನೆಚ್ಚಿಕೊಳ್ಳದ ಒಡೆಯರನ್ನು ತಯಾರಿಸಲು 2003ರ ಡಿಸೆಂಬರ್‌ನಲ್ಲಿ ಮುಂಗಡಕ್ಕೆ ಸರ್ಕಾರದ ದುಡ್ಡು ಕೊಡುವ ಕಾನೂನೇ ಬಂತು. 2004ರಲ್ಲಿ ನೂರಕ್ಕೆ 69 ಕುಟುಂಬಗಳು ಸ್ವಂತ ಮನೆಯಲ್ಲಿದ್ದವು, ಅದು ದಾಖಲೆ. ನಾಲ್ಕು ವರ್ಷದಲ್ಲಿ ಗುಳ್ಳೆ ಒಡೆಯಿತು. ಅಕ್ಟೋಬರ್ 2008ರಲ್ಲಿ ಮುಳುಗುವ ಬ್ಯಾಂಕುಗಳಿಗೆಂದು 700 ಬಿಲಿಯನ್ ಡಾಲರ್ ಎತ್ತಿಟ್ಟರು. ಬ್ಯಾಂಕುಗಳು ಪಡೆದದ್ದನ್ನು ಬಹುಪಾಲು ಹಿಂದಿರುಗಿಸಿದವು ಅನ್ನಿ, ಅದೂ ಹೇಳಬೇಕು. ಆಮೇಲೆ ಸಾಮಾನ್ಯ ಸಾಲಗಾರನಿಗೂ ಒಂಚೂರು ಕೊಡೋಣ ಅಂದಾಗ ರಿಕ್ ಸ್ಯಾಂಟೆಲಿ ಅನ್ನುವ ಟಿವಿ ವರದಿಗಾರ ಶಿಕಾಗೊದ ವಹಿವಾಟು ಕಟ್ಟೆಯಲ್ಲಿ ನಿಂತು ಕೂಗಾಡಿದ: ಒಂದು ಬಚ್ಚಲುಮನೆ ಜಾಸ್ತಿ ಕಟ್ಟಿಸಿಕೊಂಡ ಪಕ್ಕದ ಮನೆಯವನ ಸಾಲ ನಾವ್ಯಾಕೆ ತೀರಿಸಬೇಕು? ಸುತ್ತ ಇದ್ದವರು ಹೋ ಅಂದರು. ಬ್ಯಾಂಕಿನ ಸಾಲದಲ್ಲಿ ಎಷ್ಟು ಬಚ್ಚಲುಮನೆ ಇತ್ತು ಅಂತ ಯಾರೂ ಎಣಿಸಲಿಲ್ಲ.

ಕೋವಿಡ್ ಕಾಲದಲ್ಲಿ ಸಂಬಳ ಕೊಡಲೆಂದು ವ್ಯಾಪಾರಗಳಿಗೆ ಸುಮಾರು 800 ಬಿಲಿಯನ್ ಡಾಲರ್ ಸಾಲ ಹಂಚಿದರು. ಬಹುಪಾಲು ಮನ್ನಾ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಇಸ್ಕೊಂಡವರ ಪಟ್ಟಿಯಲ್ಲಿ ಲೇಖಕಿ ಐನ್ ರ್ಯಾಂಡ್ ಹೆಸರಿನ ಸಂಸ್ಥೆಯೂ ಇತ್ತು, ಸರ್ಕಾರ ಯಾರಿಗೂ ಏನೂ ಕೊಡಕೂಡದು ಅಂತ ಬೋಧಿಸುವ ಸಂಸ್ಥೆ. ನಮ್ಮಿಂದ ಕಿತ್ತುಕೊಂಡಿದ್ದನ್ನೇ ವಾಪಸ್ ತಗೊಳ್ಳುತ್ತಿದ್ದೇವೆ ಅನ್ನುವುದು ಅವರ ವಾದ. ಭಾವನ ವಾದವೂ ಅದೇ. ಡೆಮಾಕ್ರಟರೇನು ಸಾಚಾ ಅಲ್ಲ. ಇರುವ ಮನೆ ಮಾರಿದರೆ ದಂಪತಿಗೆ 5 ಲಕ್ಷ ಡಾಲರ್ ಲಾಭಕ್ಕೆ ತೆರಿಗೆಯೇ ಇಲ್ಲ ಅಂತ 1997ರಲ್ಲಿ ಸಹಿ ಹಾಕಿದ್ದು ಕ್ಲಿಂಟನ್. ಮನೆಯಿದ್ದವನಿಗೆ ಸಿಗುವ ಸಹಾಯವನ್ನು ಪೂರ್ತಿ ಕಿತ್ತುಹಾಕುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ.

ಹೋದ ತಿಂಗಳು ಭಾವನಿಗೆ ಒಂದು ಕಾಗದ ಬಂತು. ಸರ್ಕಾರದ್ದಲ್ಲ, ಬಡಾವಣೆಯ ಮನೆ ಮಾಲೀಕರ ಸಂಘದ್ದು. ಜೊತೆಗೆ ಮುಂಬಾಗಿಲಿನ ಬಣ್ಣದ ಫೋಟೊ. ನಿಮ್ಮ ಬಾಗಿಲ ನೀಲಿ ಒಪ್ಪಿಗೆ ಪಡೆದ ನೀಲಿಗಳ ಪಟ್ಟಿಯಲ್ಲಿಲ್ಲ, ಮೂವತ್ತು ದಿನದಲ್ಲಿ ಸರಿಪಡಿಸಿ. ಇನ್ನೊಂದು ಫೋಟೊ, ಕಸದ ಡಬ್ಬಿಯದ್ದು, ಕೆಂಪು ಬಾಣದ ಗುರುತಿನ ಸಮೇತ. ಬೀದಿಗೆ ಕಾಣುತ್ತಿದೆ. ಈ ಸಂಘದ ಚಂದಾ ಬಾಕಿ ಬಿಟ್ಟರೆ ಮನೆಯನ್ನೇ ಹರಾಜಿಗೆ ತರಬಹುದು. ನನ್ನ ನೆಲ, ನನ್ನ ಕಾನೂನು ಅಂತ ಟೀ ಶರ್ಟ್ ಹಾಕಿಕೊಂಡೇ ಭಾವ ಪೇಂಟ್ ಅಂಗಡಿಗೆ ಹೋಗಿ, ಪಟ್ಟಿ ಹಿಡಿದು ನೀಲಿ ಹುಡುಕಿದರು.

ಭಾನುವಾರ ಫೋನ್ ಮಾಡಿದರು. ಸೂರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದೆ, ಆಳು ಕರೆಯಲ್ಲ, ನಾನೇ ತೆಗೀತೀನಿ, ನೀನು ಸುಮ್ನೆ ಬಾ. ಹೋದೆ. ಏಣಿ ಎದುರುಮನೆಯವರದ್ದು. "ಒಂಚೂರು ಹಿಡ್ಕೊಳೋ, ಅಲ್ಲಾಡುತ್ತೆ" ಅಂದರು. ಬಿದ್ದು ಕಾಲು ಮುರಿದರೆ ಇನ್ಶೂರೆನ್ಸ್ ಇದೆ, ಅದು ಅಕ್ಕನ ಕೆಲಸದ್ದು. ಅಕ್ಕ ಸರ್ಕಾರಿ ಶಾಲೆಯಲ್ಲಿ ಗಣಿತದ ಟೀಚರ್.

ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತೆ. ಮೇಲಿಂದ ಒದ್ದೆ ಎಲೆ ನನ್ನ ತಲೆ ಮೇಲೆ ಬೀಳುತ್ತಿತ್ತು. ಭಾವ ಶುರು ಮಾಡಿದರು.

"ನೋಡೋ, ಮನುಷ್ಯ ಅಂದಮೇಲೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಏಯ್, ಗಟ್ಟಿಯಾಗಿ ಹಿಡ್ಕೋ."