ಕಾವೇರಿಯ ಜಾತಕ ಬರೆದವರಾರು?

ಪುಟ್ಟಣ್ಣ ಕಣಗಾಲರ ಚಿತ್ರಗಳ ವಿಷಯದಲ್ಲಿ ನಾನು ಎಷ್ಟು ಬೇಗ ಜಗಳಕ್ಕೆ ಬೀಳುತ್ತೇನೆಂಬುದು ನಿಮಗೆಲ್ಲ ತಿಳಿದೇ ಇದೆ. ಇವತ್ತು ಬೆಳಿಗ್ಗೆ ನಮ್ಮ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ಹನ್ನೆರಡು ರಾಶಿಗಳ ಮಾಸಫಲಕ್ಕೆ ಯಾರೋ ಪುಣ್ಯಾತ್ಮರು ಹಳೆಯ ಕನ್ನಡ ಚಿತ್ರಗಳ ದೃಶ್ಯಗಳನ್ನು ಜೋಡಿಸಿದ್ದರು.

ಕರ್ಕಾಟಕಕ್ಕೆ ‘ಶರಪಂಜರ’ದ ಕಾವೇರಿ. ಕಲ್ಪನಾ ಅವರ ಆ ಕಣ್ಣುಗಳನ್ನು ತೆರೆಯ ತುಂಬ ನಿಲ್ಲಿಸಿ, ರಾಶ್ಯಧಿಪತಿ ಚಂದ್ರನಾದ್ದರಿಂದ ಮನಸ್ಸು ಚಂಚಲ, ದಾಂಪತ್ಯದಲ್ಲಿ ತಾಳ್ಮೆ ಇರಲಿ ಎಂದು ಕೆಳಗೆ ಬರೆದಿದ್ದರು.

ತಾಳ್ಮೆಯಂತೆ, ಕಾವೇರಿಗೆ! 1971ರ ಆ ಚಿತ್ರವನ್ನು ಇವರು ಕೊನೆಯವರೆಗೆ ನೋಡಿದ್ದಾರೆಯೇ? ಹೆರಿಗೆಯ ನಂತರ ಮನಸ್ಸು ಕದಡಿ ಆಸ್ಪತ್ರೆ ಸೇರಿದವಳು ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಅವಳು ನಕ್ಕರೂ ಹುಚ್ಚು, ಅತ್ತರೂ ಹುಚ್ಚು ಎನ್ನುವ ನೋಟಗಳ ನಡುವೆ, ಬೇರೊಬ್ಬಳ ಸಹವಾಸಕ್ಕೆ ಬಿದ್ದ ಗಂಡನ ಮನೆಯಲ್ಲಿ, ಆ ಗುಣವಾದ ಮನಸ್ಸನ್ನು ಸುತ್ತಲಿನವರೇ ಸೇರಿ ಮತ್ತೆ ಒಡೆಯುತ್ತಾರೆ. ತ್ರಿವೇಣಿಯವರು ಈ ಚಿತ್ರದ ಮೂಲ ಕಾದಂಬರಿಯಲ್ಲಿ ಮನುಷ್ಯರ ಮೇಲೆ ಹೊರಿಸಿದ ಅಪರಾಧವನ್ನು ಈ ಫಲಜ್ಯೋತಿಷಿಗಳು ಎರಡೇ ಸಾಲಿನಲ್ಲಿ ಚಂದ್ರನ ತಲೆಗೆ ಕಟ್ಟಿದ್ದಾರೆ. ಗಂಡ ಸತೀಶ ಪಾರು, ನೆರೆಹೊರೆಯವರೂ ಪಾರು. ಚಂದ್ರನಾದರೋ ಒಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇದ್ದು ಹೋಗುವವನು. ಕಾವೇರಿಯ ಗಂಡನ ಕೈಹಿಡಿದು ಅವನೇನೂ ಎಲ್ಲಿಗೂ ಕರೆದೊಯ್ದವನಲ್ಲ.

ವೃಶ್ಚಿಕಕ್ಕೆ ‘ನಾಗರಹಾವು’ ಚಿತ್ರದ ರಾಮಾಚಾರಿಯಂತೆ. ವಿಷ ಇರುವುದರಿಂದ ಚೇಳೂ ಒಂದೇ, ಹಾವೂ ಒಂದೇ ಎಂಬ ಲೆಕ್ಕವಿರಬೇಕು. ಶಾಸ್ತ್ರವನ್ನೇ ಹಿಡಿಯುವುದಾದರೂ ಸರ್ಪಗಳು ದೇವತೆಯಾಗಿರುವ ಆಶ್ಲೇಷಾ ನಕ್ಷತ್ರ ಬರುವುದು ಕರ್ಕಾಟಕದಲ್ಲಿ. ಪಂಚಾಂಗದ ಅಷ್ಟು ಪರಿಚಯವೂ ಇವರಿಗಿಲ್ಲ. ಅದಿರಲಿ, ರಾಮಾಚಾರಿಯ ಬಾಳು ಕೆಟ್ಟದ್ದು ಅವನ ಸಿಟ್ಟಿನಿಂದಲೇ? ಪ್ರೀತಿಸಿದ ಅಲಮೇಲುವನ್ನು ಅವನು ಬಿಟ್ಟುಕೊಟ್ಟದ್ದು ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು. ಆ ಮೇಷ್ಟ್ರ ಒಳ್ಳೆಯತನದೊಳಗಿದ್ದ ಜಾತಿಯ ಅಂಜಿಕೆಯನ್ನು ಮುಟ್ಟಲು ಧೈರ್ಯ ಬೇಕು. ವೃಶ್ಚಿಕದ ಅಧಿಪತಿ ಕುಜ ಸಿಟ್ಟು ಕೊಟ್ಟ ಎಂದುಬಿಟ್ಟರೆ ಯಾರ ಮನಸ್ಸೂ ನೋಯುವುದಿಲ್ಲ.

‘ಬಂಗಾರದ ಮನುಷ್ಯ’ದ ರಾಜೀವನಿಗೆ ಮಕರ ಸಿಕ್ಕಿತ್ತು, ದುಡಿಮೆಗೆ ಹೆಸರಾದ ರಾಶಿಯೆಂದು. ಬರಡು ನೆಲವನ್ನು ಹಸಿರು ಮಾಡಿದವನು ಊಟದ ಎಲೆಯ ಮುಂದಿನಿಂದ ಎದ್ದು ಹೋದ ದೃಶ್ಯವನ್ನು ಮಾತ್ರ ಹಾಕಿರಲಿಲ್ಲ. ಅದನ್ನು ಹಾಕಿದರೆ ಅವನನ್ನು ಚುಚ್ಚಿ ಎಬ್ಬಿಸಿದ ಅಕ್ಕನ ಮಗನಿಗೂ ಒಂದು ರಾಶಿ ಹುಡುಕಬೇಕಾಗುತ್ತಿತ್ತಲ್ಲ.

ಇಷ್ಟಕ್ಕೆಲ್ಲ ಇಷ್ಟೊಂದು ಕೋಪವೇಕೆ, ತಮಾಷೆಗೆ ಮಾಡಿದ್ದು, ಈ ನೆಪದಲ್ಲಾದರೂ ಹುಡುಗರು ಹಳೆಯ ಚಿತ್ರಗಳ ಹೆಸರು ಕೇಳುತ್ತಾರೆ ಎಂದು ಹೇಳುವವರಿದ್ದಾರೆ. ಹೆಸರು ಕೇಳಲಿ, ಸಂತೋಷ. ಆದರೆ ಕಾವೇರಿಯನ್ನು ಚಂಚಲೆಯೆಂದು ಮೊದಲೇ ನಂಬಿ ಆ ಚಿತ್ರಕ್ಕೆ ಕುಳಿತ ಹುಡುಗ ಸತೀಶನ ಪಕ್ಕದಲ್ಲೇ ಕುಳಿತಿರುತ್ತಾನೆ.

ಇನ್ನು ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ವಿಡಿಯೊ ತೆರೆದೊಡನೆ ನಾನು ಮಾಡಿದ ಮೊದಲ ಕೆಲಸವೆಂದರೆ ಮುಂದಕ್ಕೆ ಓಡಿಸಿ ನನ್ನ ರಾಶಿಯನ್ನು ಹುಡುಕಿದ್ದು. ನನ್ನದು ವೃಶ್ಚಿಕ. ಕೋಟೆಯ ಬಂಡೆಗಳ ನಡುವಿನ ರಾಮಾಚಾರಿಯನ್ನು ಕಂಡಾಗ ಒಂದು ಗಳಿಗೆ ಎದೆ ಉಬ್ಬಿದ್ದೂ ಸುಳ್ಳಲ್ಲ. ಹಿಂದೊಮ್ಮೆ ಕೆಲಸ ಕಳೆದುಕೊಂಡಾಗ, ತಪ್ಪು ನನ್ನದೇ ಎಂದು ಗೊತ್ತಿದ್ದೂ, ಸಾಡೇಸಾತಿಯೆಂದು ಮನೆಯವರು ಕೊಟ್ಟ ಸಮಾಧಾನವನ್ನು ತೆಪ್ಪಗೆ ಒಪ್ಪಿಕೊಂಡವನು ನಾನು. ಶನಿಯ ಹೆಗಲು ಎಷ್ಟು ಅನುಕೂಲದ್ದೆಂದು ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಮೇಲಿನದನ್ನೆಲ್ಲ, ಈ ಕೊನೆಯ ತಪ್ಪೊಪ್ಪಿಗೆಯೊಂದನ್ನು ಬಿಟ್ಟು, ಆ ಗುಂಪಿನಲ್ಲೇ ಬರೆದು ಹಾಕಿದ್ದೆ. ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಚಿಕ್ಕಮ್ಮ ಒಂದೇ ಸಾಲು ಬರೆದರು: “ವೃಶ್ಚಿಕದವರಿಗೆ ಈ ತಿಂಗಳು ಮಾತಿನ ಮೇಲೆ ಹಿಡಿತ ಇರಲ್ಲ ಅಂತ ಅದರಲ್ಲೇ ಹೇಳಿದ್ದಾರಲ್ಲೋ, ಸರಿಯಾಗೇ ಇದೆ.”